ಮಕ್ಕಳ ಊಟ-ತಿಂಡಿ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಚರಿತ್ರೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಮಲೆನಾಡು ಇಳಿದು ಬಯಲುಸೀಮೆ ಹರಡಿಕೊಳ್ಳುವ ಪ್ರದೇಶ. ಜಿಲ್ಲೆಗೆ ಹಿಂದೆ ಕಡೂರಿನ ಹೆಸರೇ ಇತ್ತು. 1947ರಲ್ಲಿ ಅದು ಚಿಕ್ಕಮಗಳೂರು ಜಿಲ್ಲೆಯಾಯಿತು. ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ, 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಒಂದಾಗಿ ಬೇರೆಯಾಯಿತು. ಈ ಸೀಮೆಯಲ್ಲಿ ಮಕ್ಕಳ ಹೊಟ್ಟೆಗೆ ಬಿದ್ದ ಆಹಾರ ಮೂರು ಕಡೆಯಿಂದ ಬಂದಿದೆ: ಮೊದಲು ಹೊಲ ಮತ್ತು ಹಟ್ಟಿಯಿಂದ, ಆಮೇಲೆ ಶಾಲೆಯಿಂದ, ಕೊನೆಗೆ ಅಂಗಡಿಯಿಂದ. ಇಂದು ಈ ಮೂರೂ ಒಂದೇ ಮಗುವಿನ ಒಂದೇ ದಿನವನ್ನು ಹಂಚಿಕೊಂಡಿವೆ. ಫಾಸ್ಟ್ ಫುಡ್ ಕಡಿಮೆ ಮಾಡಿಸುವ ಈಗಿನ ಪ್ರಯತ್ನಗಳಿಗೆ ಹಿನ್ನೆಲೆಯಾಗಿರುವುದು ಈ ಹಂಚಿಕೆಯ ಚರಿತ್ರೆ.

ಮೂರು ಮಣ್ಣು, ಮೂರು ತಟ್ಟೆ

ಕಡೂರು ಕಡೆಯದು ಬಹುಪಾಲು ಕೆಂಪು ಮಣ್ಣಿನ ಒಣ ಬೇಸಾಯ. ಮಲೆನಾಡಿನ ಬೆಟ್ಟಗಳು ಮುಂಗಾರನ್ನು ತಡೆಯುವುದರಿಂದ ಇಲ್ಲಿಗೆ ತಲುಪುವ ಮಳೆ ಕಡಿಮೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎಮ್ಮೆದೊಡ್ಡಿ ಕಡೆಯ ಮದಗದ ಕೆರೆ ನೀರುಣಿಸುವ ಅಚ್ಚುಕಟ್ಟನ್ನು ಬಿಟ್ಟರೆ ಉಳಿದ ಹೊಲಗಳಲ್ಲಿ ರಾಗಿಯೇ ಮುಖ್ಯ ಬೆಳೆ. ಅದರ ಸಾಲುಗಳ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಬರುತ್ತಿದ್ದವು. ಮಳೆ ತಡವಾದ ವರ್ಷ ಹುರುಳಿ ಚೆಲ್ಲುತ್ತಿದ್ದರು. ಅಜ್ಜಂಪುರ, ಶಿವನಿ ಸುತ್ತಿನದು ಎರೆಭೂಮಿ. ಅಲ್ಲಿ ಜೋಳ, ಕಡಲೆ, ಹತ್ತಿ, ಈರುಳ್ಳಿ. ತರೀಕೆರೆಯಿಂದ ಲಕ್ಕವಳ್ಳಿ, ಲಿಂಗದಹಳ್ಳಿ ಕಡೆಗೆ ಹೋದಂತೆ ಭತ್ತ, ಕಬ್ಬು, ಅಡಿಕೆ.

ತಟ್ಟೆಯೂ ಈ ಮಣ್ಣನ್ನೇ ಅನುಸರಿಸಿತು. ಕಡೂರು ಕಡೆಯ ಮಗುವಿಗೆ ಮುದ್ದೆ, ಬಸ್ಸಾರು, ಹುರುಳಿಕಟ್ಟಿನ ಸಾರು. ಅಜ್ಜಂಪುರದ ಎರೆಸೀಮೆಯಲ್ಲಿ ಮುದ್ದೆಯ ಜೊತೆಗೆ ಜೋಳದ ರೊಟ್ಟಿ, ಚಟ್ನಿಪುಡಿ. ತರೀಕೆರೆಯ ನೀರಾವರಿ ಊರುಗಳಲ್ಲಿ ಅನ್ನ, ಅಕ್ಕಿರೊಟ್ಟಿ. ಬೆಳಿಗ್ಗೆ ಎದ್ದವರಿಗೆ ಬಹಳ ಮನೆಗಳಲ್ಲಿ ರಾತ್ರಿಯ ತಂಗಳು ಮುದ್ದೆ ಮತ್ತು ಮಜ್ಜಿಗೆ, ಇಲ್ಲವೇ ಅಂಬಲಿ. ದನ ಮೇಯಿಸಲು ಹೋದ ಮಕ್ಕಳ ಬುತ್ತಿಯಲ್ಲಿ ರೊಟ್ಟಿ, ಹಸಿ ಈರುಳ್ಳಿ. ಮಳೆಗಾಲದಲ್ಲಿ ಹೊಲದ ಬದುವಿನಿಂದ ಕಿತ್ತು ತಂದ ಅಣ್ಣೆ, ಗೋಣಿ, ಹೊನಗೊನ್ನೆ ಮುಂತಾದ ಬೆರಕೆ ಸೊಪ್ಪುಗಳು ಸಾರಿಗೆ ಬೀಳುತ್ತಿದ್ದವು.

ಊಟಗಳ ನಡುವಿನ ಹಸಿವಿಗೆ ಮನೆಯಲ್ಲೇ ಉತ್ತರವಿತ್ತು. ಅರಳಿಸಿದ ರಾಗಿಯನ್ನು ಬೀಸಿ, ಬೆಲ್ಲ, ಕೊಬ್ಬರಿ ತುರಿ ಬೆರೆಸಿದ ಹುರಿಹಿಟ್ಟು, ಹುರಿದ ಹುರುಳಿ, ಬೇಯಿಸಿದ ಅವರೆಕಾಯಿ, ಸುಟ್ಟ ಜೋಳದ ತೆನೆ, ಕಡಲೆ ಗಿಡದ ಹಸಿ ಕಾಯಿ ಆಯಾ ಕಾಲಕ್ಕೆ ಸಿಗುತ್ತಿದ್ದವು. ನೇರಳೆ, ಬೋರೆ, ಕಾರೆ, ಸೀತಾಫಲ, ಬೇಲದಂಥ ಹಣ್ಣುಗಳನ್ನು ಮಕ್ಕಳು ಕಾವಲು, ಕುರುಚಲು ಕಾಡುಗಳಲ್ಲಿ ತಾವೇ ಹುಡುಕಿ ತಿನ್ನುತ್ತಿದ್ದರು. ನಾಗರಪಂಚಮಿಗೆ ತಂಬಿಟ್ಟು, ಚಿಗಳಿ, ಸಂಕ್ರಾಂತಿಗೆ ಎಳ್ಳುಬೆಲ್ಲ, ಯುಗಾದಿಗೆ ಒಬ್ಬಟ್ಟು. ಎಣ್ಣೆಯಲ್ಲಿ ಕರಿದ ಚಕ್ಕುಲಿ, ಕೋಡುಬಳೆ, ಕಜ್ಜಾಯ ಹಬ್ಬಕ್ಕೋ ಮದುವೆಗೋ ಮೀಸಲು. ಇಡೀ ವರ್ಷಕ್ಕೆ ಗಾಣದಿಂದ ತಂದ ಎಣ್ಣೆ ಇಷ್ಟೇ ಎಂಬ ಲೆಕ್ಕವೇ ಕರಿದ ತಿಂಡಿಗೆ ಮಿತಿ ಹಾಕಿತ್ತು. ಅದಕ್ಕೆ ಪ್ರತ್ಯೇಕ ಬುದ್ಧಿವಾದ ಬೇಕಿರಲಿಲ್ಲ.

ಈ ಆಹಾರದ ಪೌಷ್ಟಿಕ ಬಲವನ್ನು ಇಂದಿನ ಅಳತೆಯಲ್ಲಿ ಹೇಳಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಹುರುಳಿಯ ತೂಕದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನು. ಮುದ್ದೆ, ಕಾಳಿನ ಸಾರು, ಸೊಪ್ಪು, ಮಜ್ಜಿಗೆ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು.

ಹಳೆಯ ಊಟದ ಕೊರತೆಗಳು

ಹಾಗೆಂದು ಆ ಕಾಲದ ಎಲ್ಲ ಮಕ್ಕಳೂ ಹೊಟ್ಟೆತುಂಬ ಉಂಡರು ಎನ್ನಲಾಗದು. ಮುದ್ದೆ, ಕಾಳಿನ ಸಾರು, ಸೊಪ್ಪು, ಮಜ್ಜಿಗೆ ನಾಲ್ಕೂ ಒಟ್ಟಿಗೆ ಸಿಗುತ್ತಿದ್ದುದು ಹೊಲ, ಹಸು ಎರಡೂ ಇದ್ದ ಮನೆಗಳಲ್ಲಿ. ಕೂಲಿಯ ಮನೆಗಳಲ್ಲಿ ಬಹಳ ದಿನ ಬರಿಯ ಅಂಬಲಿ, ಇಲ್ಲವೇ ಮುದ್ದೆಗೆ ಖಾರ, ಉಪ್ಪು. ಯಾರ ಮನೆಯಲ್ಲಿ ಯಾರು ಉಣ್ಣಬಹುದು, ಯಾವ ಬಾವಿಯ ನೀರು ಯಾರಿಗೆ ಎಂಬ ಜಾತಿಯ ಕಟ್ಟುಪಾಡು ಮಕ್ಕಳಿಗೂ ಅನ್ವಯಿಸುತ್ತಿತ್ತು.

1876–78ರ ಕ್ಷಾಮ ಮೈಸೂರು ಸಂಸ್ಥಾನದ ಬಯಲುಸೀಮೆಯನ್ನು ಬರಿದು ಮಾಡಿತು. ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರೆಂಬ ಅಂದಾಜಿದೆ. ಸರ್ಕಾರ ಗಂಜಿ ಕೇಂದ್ರಗಳನ್ನು ತೆರೆದು ಬೇಯಿಸಿದ ಆಹಾರ ಹಂಚಿತು. ಮುಂದೆ ಶಾಲೆಗಳಲ್ಲಿ ನಡೆದ ಊಟದ ಯೋಜನೆಗಳಿಗೂ ಈ ಗಂಜಿ ಕೇಂದ್ರಗಳಿಗೂ ನೇರ ಸಂಬಂಧವಿಲ್ಲ. ಆದರೆ ಹಸಿದವರಿಗೆ ಬೇಯಿಸಿ ಬಡಿಸುವುದು ಆಡಳಿತದ ಹೊಣೆ ಎಂಬ ಮಾತಿಗೆ ಈ ನಾಡಿನಲ್ಲಿ ಅಷ್ಟು ಹಳೆಯ ಅನುಭವವಿದೆ.

ಹಾಲು-ಬೆಣ್ಣೆಯ ಕಥೆಯೂ ಹೀಗೆಯೇ ಎರಡು ಮುಖದ್ದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುವ ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು. ಟಿಪ್ಪು ಅದನ್ನು ಅಮೃತ್ ಮಹಲ್ ಎಂದು ಕರೆದ. 1860ರಲ್ಲಿ ಬ್ರಿಟಿಷ್ ಆಡಳಿತ ಖರ್ಚು ಉಳಿಸಲು ಹಿಂಡನ್ನು ಮಾರಿತು. ಸೈನ್ಯಕ್ಕೆ ಎತ್ತು ಸಾಲದೆ 1866ರಲ್ಲಿ ಮತ್ತೆ ಕಟ್ಟಿತು. ಈ ದನಗಳ ಕಾವಲುಗಳು ಬೀರೂರು, ಅಜ್ಜಂಪುರ ಸುತ್ತಲೂ ಹರಡಿದ್ದವು. ಅಜ್ಜಂಪುರದಲ್ಲಿ ಇಂದಿಗೂ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಆದರೆ ಅಮೃತ್ ಮಹಲ್ ಓಟಕ್ಕೂ ಎಳೆತಕ್ಕೂ ಹೆಸರಾದ ತಳಿ. ಹಾಲು ಕೊಡುವುದು ಕಡಿಮೆ. ಊರ ಮಕ್ಕಳಿಗೆ ದಕ್ಕಿದ್ದು ಮನೆಯ ನಾಟಿ ಹಸು, ಎಮ್ಮೆಗಳ ಮಜ್ಜಿಗೆ. ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡಿ ಸಂತೆಗೆ ಒಯ್ಯುವ ಮನೆಗಳೇ ಹೆಚ್ಚು.

ರೈಲು, ಸಂತೆ, ಬೇಕರಿ

ಹೊರಗಿನ ತಿಂಡಿ ಈ ಸೀಮೆಗೆ ನಿಯಮಿತವಾಗಿ ಬರತೊಡಗಿದ್ದು ರೈಲಿನ ಕಾಲದಿಂದ. ಬೆಂಗಳೂರಿನ ಕಡೆಯಿಂದ ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಹರಿಹರದವರೆಗಿನ ಹಳಿ 1889ರಲ್ಲಿ ಮುಗಿಯಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಹಳಿ ಬಿತ್ತು. ಬೀರೂರು ಜಂಕ್ಷನ್ ಆಯಿತು. ಧಾನ್ಯ, ಅಡಿಕೆ, ತೆಂಗು ಹೊರಕ್ಕೆ ಹೋದ ಹಾದಿಯಲ್ಲೇ ಸಕ್ಕರೆ, ಚಹಾ, ಬಿಸ್ಕತ್ತು ಒಳಕ್ಕೆ ಬಂದವು.

ಆದರೂ ಮಕ್ಕಳ ಪಾಲಿಗೆ ಕೊಂಡು ತಿನ್ನುವುದು ಬಹುಕಾಲ ಸಂತೆ, ಜಾತ್ರೆಗಳ ಮಾತೇ ಆಗಿತ್ತು. ಬೀರೂರಿನ ಮೈಲಾರಲಿಂಗೇಶ್ವರನ ಉತ್ಸವ, ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಯಂಥ ಕೂಟಗಳಲ್ಲಿ ಬೆಂಡು, ಬತ್ತಾಸು, ಕಾರ, ಮಂಡಕ್ಕಿ, ಕಡಲೆ ಮಿಠಾಯಿ. ಸಂತೆಯಿಂದ ಮರಳುವ ಅಪ್ಪನೋ ಅಜ್ಜನೋ ಟವೆಲ್ಲಿನ ಮೂಲೆಗೆ ಕಟ್ಟಿ ತರುತ್ತಿದ್ದ ಪುರಿ-ಕಾರ ವಾರಕ್ಕೊಮ್ಮೆಯ ತಿಂಡಿ. ಅದರಲ್ಲೂ ಮಂಡಕ್ಕಿ ಕರಿದದ್ದಲ್ಲ, ಬಿಸಿ ಮರಳಿನಲ್ಲಿ ಹುರಿದದ್ದು. ತಿಂಡಿಯ ಗುಣಕ್ಕಿಂತಲೂ ಅದು ಸಿಗುತ್ತಿದ್ದ ಅಂತರವೇ ಮುಖ್ಯ: ವಾರಕ್ಕೊಂದು ಸಂತೆ, ವರ್ಷಕ್ಕೊಂದು ಜಾತ್ರೆ.

ಇಪ್ಪತ್ತನೆಯ ಶತಮಾನದಲ್ಲಿ ರೈಲು ನಿಲ್ದಾಣ, ಬಸ್ ನಿಲ್ದಾಣಗಳ ಬಳಿ ಹೋಟೆಲುಗಳು ಎದ್ದವು. ಇಡ್ಲಿ, ದೋಸೆ, ಬೋಂಡಾ, ಕಾಫಿ ಪೇಟೆಯ ಬೆಳಗಿನ ತಿಂಡಿಯಾದವು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನ ಸೀಮೆಯವರು ಆರಂಭಿಸಿದ ಅಯ್ಯಂಗಾರ್ ಬೇಕರಿಯ ಪದ್ಧತಿ ಮುಂದಿನ ದಶಕಗಳಲ್ಲಿ ಸಣ್ಣ ಊರುಗಳಿಗೂ ಹಬ್ಬಿತು. ಬನ್ನು, ಬೆಣ್ಣೆ ಬಿಸ್ಕತ್ತು, ಖಾರ ಬ್ರೆಡ್, ಪಫ್ಸ್‌ಗಳ ಮೂಲಕ ಮೈದಾ ಮಕ್ಕಳ ಬಾಯಿಗೆ ಹತ್ತಿತು. 1937ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಡಾಲ್ಡಾ ತುಪ್ಪ-ಬೆಣ್ಣೆಯ ಜಾಗದಲ್ಲಿ ಅಗ್ಗದ ಜಿಡ್ಡನ್ನು ಕೂರಿಸಿತು. ಹೀಗೆ ಮೈದಾ, ಸಕ್ಕರೆ, ವನಸ್ಪತಿ ಮೂರೂ ಪ್ಯಾಕೆಟ್ ಬರುವುದಕ್ಕಿಂತ ಬಹಳ ಮೊದಲೇ ಪೇಟೆ ಸೇರಿದ್ದವು. ಹಳ್ಳಿಯ ಮಗುವಿನ ಕೈಯಲ್ಲಿ ಕಾಸಿರಲಿಲ್ಲ, ಅಷ್ಟೇ.

ಶಾಲೆಯ ಉಪ್ಪಿಟ್ಟು

ಸ್ವಾತಂತ್ರ್ಯಾನಂತರದ ಆಹಾರ ಅಭಾವದ ವರ್ಷಗಳಲ್ಲಿ ಶಾಲೆ ಮಕ್ಕಳ ಹೊಟ್ಟೆಯ ಹೊಣೆ ಹೊತ್ತುಕೊಳ್ಳತೊಡಗಿತು. 1960ರ ದಶಕದಿಂದ ಕೇರ್ ಸಂಸ್ಥೆಯ ಮೂಲಕ ಅಮೆರಿಕದ ಗೋಧಿ ನುಚ್ಚು, ಜೋಳ-ಸೋಯಾ ಹಿಟ್ಟು, ಹಾಲಿನ ಪುಡಿ ರಾಜ್ಯದ ಶಾಲೆಗಳಿಗೆ ಬಂದವು. ಶಾಲೆಯ ಹಿಂದೆ ಮೂರು ಕಲ್ಲಿನ ಒಲೆಯ ಮೇಲೆ ಬೇಯುತ್ತಿದ್ದ ಗೋಧಿ ನುಚ್ಚಿನ ಉಪ್ಪಿಟ್ಟು ಒಂದು ತಲೆಮಾರಿಗೆ ಶಾಲೆಯ ನೆನಪೇ ಆಯಿತು. ಮಕ್ಕಳು ಮನೆಯಿಂದ ತಟ್ಟೆಯನ್ನೋ ಮುತ್ತುಗದ ಎಲೆಯನ್ನೋ ತಂದು ಸಾಲಾಗಿ ಕೂರುತ್ತಿದ್ದರು. ಊರಲ್ಲಿ ಬೆಳೆಯದ ಧಾನ್ಯವೊಂದು ಉಚಿತವಾಗಿ, ದಿನವೂ ಸಿಕ್ಕಿದಾಗ ಮಕ್ಕಳು ಅದನ್ನು ಇಷ್ಟಪಟ್ಟೇ ತಿಂದರು. ರುಚಿ ಎಷ್ಟು ಬೇಗ ಬದಲಾಗಬಲ್ಲದು ಎಂಬುದಕ್ಕೆ ಇದು ಈ ಸೀಮೆಯ ಮೊದಲ ದೊಡ್ಡ ಸಾಕ್ಷ್ಯ.

ಶಾಲೆಗಿಂತ ಚಿಕ್ಕ ಮಕ್ಕಳಿಗಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಟಿ. ನರಸೀಪುರ, ಬಳಿಕ ಉಳಿದ ತಾಲ್ಲೂಕುಗಳಿಗೂ ಅಂಗನವಾಡಿಗಳು ಬಂದವು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ರಾಷ್ಟ್ರೀಯ ಪೌಷ್ಟಿಕ ಬೆಂಬಲ ಕಾರ್ಯಕ್ರಮ ತಂದಾಗ ಹೆಚ್ಚಿನ ರಾಜ್ಯಗಳು ಊಟದ ಬದಲು ಧಾನ್ಯ ಕೊಟ್ಟವು: ನೂರಕ್ಕೆ 80 ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕೆ.ಜಿ. ಆ ಅಕ್ಕಿ ಮನೆಯವರೆಲ್ಲರ ಅನ್ನದಲ್ಲಿ ಬೆರೆತು ಹೋಗುತ್ತಿತ್ತು. ಮಗುವಿನ ತಟ್ಟೆಗೆ ಎಷ್ಟು ಬಿತ್ತೆಂದು ಹೇಳುವಂತಿರಲಿಲ್ಲ.

ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುಮಾಡಿ, 2003–04ರಲ್ಲಿ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಚಿಕ್ಕಮಗಳೂರು ಜಿಲ್ಲೆಗೆ ಅದು ಬಂದದ್ದು ಈ ಎರಡನೆಯ ಹಂತದಲ್ಲಿ. ಶಾಲೆಯ ಆವರಣದಲ್ಲಿ ಅಡುಗೆ ಕೋಣೆ, ಊರಿನ ಹೆಣ್ಣುಮಕ್ಕಳೇ ಅಡುಗೆಯವರು, ಅನ್ನ-ಸಾಂಬಾರು, ವಾರಕ್ಕೊಮ್ಮೆ ಬಿಸಿಬೇಳೆಬಾತ್ ಅಥವಾ ಉಪ್ಪಿಟ್ಟು. ಒಂದರಿಂದ ಐದನೇ ತರಗತಿಯ ಮಗುವಿಗೆ ಮಧ್ಯಾಹ್ನಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಆರರಿಂದ ಎಂಟರವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಎಂಬುದು ನಿಗದಿಯಾದ ಅಳತೆ. ಮಧ್ಯಾಹ್ನ ಮನೆಗೆ ಓಡುವ, ಇಲ್ಲವೇ ಹಸಿದುಕೊಂಡೇ ಇರುವ ಪರಿಪಾಠ ಸರ್ಕಾರಿ ಶಾಲೆಗಳಲ್ಲಿ ನಿಂತಿತು. ಎಲ್ಲ ಜಾತಿಯ ಮಕ್ಕಳು ಒಂದೇ ಪಾತ್ರೆಯ ಅನ್ನವನ್ನು ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ದಿನಚರಿಯಾಯಿತು.

ಆಮೇಲಿನ ಸೇರ್ಪಡೆಗಳು ಒಂದೊಂದಾಗಿ ಬಂದವು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಆರಂಭವಾಗಿ ಪ್ರತಿ ಮಗುವಿಗೆ 150 ಮಿಲಿಲೀಟರ್ ಬಿಸಿ ಹಾಲು, ಮೊದಲು ವಾರಕ್ಕೆ ಮೂರು ದಿನ, ಮುಂದೆ ಐದು ದಿನ ಸಿಕ್ಕಿತು. 2022–23ರಲ್ಲಿ ಮೊಟ್ಟೆ, ಅದು ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ರಾಜ್ಯಕ್ಕೆಲ್ಲ ಅನ್ವಯವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಸಕ್ಕರೆ ಮತ್ತು ಕೊಬ್ಬಿನಂಶ ಹೆಚ್ಚೆಂಬ ಕಾರಣಕ್ಕೆ 2025ರ ಆರಂಭದಲ್ಲಿ ಚಿಕ್ಕಿಯನ್ನು ಕೈಬಿಡಲಾಯಿತು. 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಹಾಲಿನೊಂದಿಗೆ ರಾಗಿ ಮಾಲ್ಟ್. ರಾಗಿಯ ಸೀಮೆಯ ಮಕ್ಕಳಿಗೆ ರಾಗಿಯನ್ನು ಶಾಲೆಯೇ ಕುಡಿಸಬೇಕಾಗಿ ಬಂದದ್ದರ ಹಿಂದೆ ಇನ್ನೊಂದು ಬದಲಾವಣೆಯಿದೆ.

ಹೊಲ ಬದಲಾದದ್ದು

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ಕೆಲಸ 1940ರ ದಶಕದ ಕೊನೆಯಲ್ಲಿ ಶುರುವಾಗಿ 1960ರ ದಶಕದಲ್ಲಿ ಮುಗಿಯಿತು. ಕಾಲುವೆ ಹರಿದ ಕಡೆ ಭತ್ತ, ಕಬ್ಬು, ಬಳಿಕ ಅಡಿಕೆ ತೋಟ. ಕೊಳವೆಬಾವಿಗಳು ಹೆಚ್ಚಿದಂತೆ ಕಡೂರು, ಅಜ್ಜಂಪುರ ಕಡೆಯ ರಾಗಿ, ಜೋಳದ ಹೊಲಗಳೂ ತೆಂಗು, ಅಡಿಕೆಗೆ ತಿರುಗಿದವು. ರಾಗಿಯ ನಡುವಿನ ಅಕ್ಕಡಿ ಸಾಲುಗಳು ಹೋದ ಮೇಲೆ ಮನೆಗೆ ಬರುತ್ತಿದ್ದ ಅವರೆ, ಹುಚ್ಚೆಳ್ಳು, ಬದುವಿನ ಸೊಪ್ಪು ಕಡಿಮೆಯಾದವು. ಪಡಿತರದ ಅಕ್ಕಿ ಅಗ್ಗವಾಗುತ್ತ ಬಂದು, 2013ರ ಜುಲೈಯಲ್ಲಿ ಅನ್ನಭಾಗ್ಯದೊಂದಿಗೆ ಹೊಟ್ಟೆಗಿಲ್ಲದ ಭಯವನ್ನು ಬಹಳ ಮನೆಗಳಿಂದ ದೂರ ಮಾಡಿತು. ಅದರ ಜೊತೆಗೇ ಅನ್ನ ದಿನದ ಮೂರು ಹೊತ್ತಿಗೂ ಹರಡಿತು. ರಾಗಿ ಬೀಸಿ, ಮುದ್ದೆ ತೊಳಸುವ ಶ್ರಮ ತಪ್ಪಿದ್ದು ಹೆಂಗಸರಿಗೆ ನಿಜವಾದ ಬಿಡುಗಡೆ. ತಟ್ಟೆಯಲ್ಲಿ ವೈವಿಧ್ಯ ಕುಗ್ಗಿದ್ದು ಅದರ ಇನ್ನೊಂದು ಮುಖ.

ಕೃಷಿ ಸಂಶೋಧನೆ ರಾಗಿಯನ್ನು ಕೈಬಿಟ್ಟಿರಲಿಲ್ಲ. ಹೆಬ್ಬಾಳದಲ್ಲಿ ನಡೆದ ಕೆಲಸದಿಂದ 1918ರಲ್ಲೇ ಎಚ್-22 ಎಂಬ ತಳಿ ಬಂದಿತ್ತು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿಯ ಇಂಡಾಫ್ ತಳಿಗಳು ಇಳುವರಿಯನ್ನು ಬಹಳ ಏರಿಸಿದವು. ರಾಗಿ ಸಿಗದೇ ಹೋದದ್ದರಿಂದ ಮಕ್ಕಳು ಅದನ್ನು ಮರೆತರು ಎನ್ನುವಂತಿಲ್ಲ. ಮುದ್ದೆ ಬಡವರ ಊಟ, ಅನ್ನ ಅನುಕೂಲಸ್ಥರ ಊಟ ಎಂಬ ಹಳೆಯ ಮೇಲು-ಕೀಳಿನ ಎಣಿಕೆಯೂ ಅಷ್ಟೇ ಕೆಲಸ ಮಾಡಿತು. ಪ್ಯಾಕೆಟ್ ತಿಂಡಿಗೆ ಮಕ್ಕಳ ನಡುವೆ ಸಿಕ್ಕ ಮರ್ಯಾದೆಯಲ್ಲೂ ಇದೇ ಎಣಿಕೆ ಮುಂದುವರಿದಿದೆ.

ಪ್ಯಾಕೆಟ್ಟು ಮತ್ತು ಗಾಡಿ

1980ರ ದಶಕದಲ್ಲಿ ಟಿವಿ ಸಣ್ಣ ಊರುಗಳಿಗೆ ಬಂತು. ಮಕ್ಕಳನ್ನೇ ನೇರವಾಗಿ ಮಾತನಾಡಿಸುವ ಜಾಹೀರಾತುಗಳೂ ಬಂದವು. ಮ್ಯಾಗಿ ನೂಡಲ್ಸ್ ಭಾರತಕ್ಕೆ ಬಂದದ್ದು 1983ರಲ್ಲಿ, ಫ್ರೂಟಿ 1985ರಲ್ಲಿ. 1991ರ ಆರ್ಥಿಕ ಉದಾರೀಕರಣದ ನಂತರ, 1995ರ ಹೊತ್ತಿಗೆ ಲೇಸ್ ಚಿಪ್ಸ್, 1999ರಲ್ಲಿ ಕುರ್ಕುರೆ. 1994ರಲ್ಲಿ ಖಾದ್ಯ ತೈಲದ ಆಮದು ಮುಕ್ತವಾದ ಬಳಿಕ ತಾಳೆ ಎಣ್ಣೆ ಅಗ್ಗವಾಗಿ ಹರಿದು ಬಂತು. ಕರಿದ ತಿಂಡಿಗೆ ಗಾಣದ ಕಾಲದಲ್ಲಿದ್ದ ಮಿತಿ ಅಲ್ಲಿಗೆ ಕಳಚಿತು.

ಹಳ್ಳಿಯ ಮಟ್ಟಿಗೆ ನಿರ್ಣಾಯಕವಾದದ್ದು ಸಣ್ಣ ಪ್ಯಾಕೆಟ್ಟಿನ ಬೆಲೆ. ಎರಡು, ಐದು ರೂಪಾಯಿಯ ಪೊಟ್ಟಣಗಳು ಹಳ್ಳಿಯ ಪೆಟ್ಟಿಗೆ ಅಂಗಡಿಯ ಮುಂದೆ ಸರದಂತೆ ಇಳಿಬಿದ್ದವು. ಹಾಳಾಗದ, ಕಾಯಿಸಬೇಕಿಲ್ಲದ, ಚಿಲ್ಲರೆಗೆ ಸಿಗುವ ಸರಕು ಅಂಗಡಿಯವರಿಗೂ ಅನುಕೂಲ. ಕೂಲಿಗೋ ಕಚೇರಿಗೋ ಹೋದ ತಾಯಿ-ತಂದೆ ಸಂಜೆಯವರೆಗೆ ಬರದಿದ್ದಾಗ ಮಗುವಿನ ಕೈಗೆ ಐದು ರೂಪಾಯಿ ಕೊಡುವುದು ಮನೆಯ ವ್ಯವಸ್ಥೆಯ ಭಾಗವಾಯಿತು. ವಾರದ ಸಂತೆಯ ತಿಂಡಿ ದಿನದ ತಿಂಡಿಯಾದದ್ದು ಹೀಗೆ.

ಪೇಟೆಯಲ್ಲಿ ಇದಕ್ಕೆ ಗಾಡಿ ಸೇರಿಕೊಂಡಿತು. ಮುಂಬಯಿಯಲ್ಲಿ 1970ರ ದಶಕದಲ್ಲಿ ಹುಟ್ಟಿದ ಮಂಚೂರಿಯನ್ ಅಡುಗೆಯ ಹೂಕೋಸಿನ ರೂಪ ಕರ್ನಾಟಕದಲ್ಲಿ ಗೋಬಿ ಮಂಚೂರಿಯಾಗಿ ಊರೂರಿಗೂ ಹರಡಿತು. ತುಮಕೂರು–ಹೊನ್ನಾವರ ಹೆದ್ದಾರಿ ಹಾದುಹೋಗುವ ಕಡೂರು, ಬೀರೂರು, ತರೀಕೆರೆಗಳಲ್ಲೂ ಅಜ್ಜಂಪುರದಲ್ಲೂ ಸಂಜೆ ಹೊತ್ತಿಗೆ ಗೋಬಿ, ಪಾನಿಪುರಿ, ಎಗ್‌ರೈಸ್, ನೂಡಲ್ಸ್ ಗಾಡಿಗಳ ಮುಂದೆ ಟ್ಯೂಷನ್ ಮುಗಿಸಿದ ಮಕ್ಕಳು ನಿಲ್ಲುತ್ತಾರೆ. ದೊಡ್ಡ ನಗರದ ಬರ್ಗರ್ ಅಂಗಡಿಗಳಿಗಿಂತ ಇಲ್ಲಿನ ಫಾಸ್ಟ್ ಫುಡ್ ಎಂದರೆ ಗಾಡಿ, ಬೇಕರಿ ಮತ್ತು ಪ್ಯಾಕೆಟ್ಟು.

ಈ ಆಹಾರದ ತೊಂದರೆ ಮೂರು ಬಗೆಯದು. ಮೈದಾ, ಎಣ್ಣೆ, ಸಕ್ಕರೆಯಿಂದ ಶಕ್ತಿ ಸಿಗುತ್ತದೆ, ನಾರು ಮತ್ತು ಖನಿಜ ಸಿಗುವುದಿಲ್ಲ. ಉಪ್ಪು ಅಳತೆ ಮೀರಿರುತ್ತದೆ; ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೇ ದಿನಕ್ಕೆ 5 ಗ್ರಾಂ ಉಪ್ಪು ಮೇಲ್ಮಿತಿ. ಮೂರನೆಯದಾಗಿ, ಸಂಜೆ ತಿಂದ ಪ್ಯಾಕೆಟ್ಟು ರಾತ್ರಿಯ ಊಟದ ಹಸಿವನ್ನು ಕೊಲ್ಲುತ್ತದೆ. ಒಂದು ಲೋಟ ಕೋಲಾದಲ್ಲಿ, ಅಂದರೆ ಸುಮಾರು 250 ಮಿಲಿಲೀಟರಿನಲ್ಲಿ, ಐದಾರು ಚಮಚ ಸಕ್ಕರೆಯಿದೆ. ಇದರ ನಡುವೆಯೇ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಪಡೆದಿಲ್ಲ. ಬೆಳವಣಿಗೆ ಕುಂಠಿತವಾದ ಮಕ್ಕಳೂ ಬೊಜ್ಜು ಬೆಳೆಸಿಕೊಳ್ಳುವ ಮಕ್ಕಳೂ ಈಗ ಒಂದೇ ಊರಿನಲ್ಲಿ ಸಿಗುತ್ತಾರೆ.

ವಿರೋಧ ಮತ್ತು ಕಾನೂನು

ಕರ್ನಾಟಕದಲ್ಲಿ ಫಾಸ್ಟ್ ಫುಡ್ ವಿರೋಧ ಮೊದಲು ರೈತ ಚಳವಳಿಯ ಭಾಷೆಯಲ್ಲಿ ಕೇಳಿಬಂತು. 1995ರಲ್ಲಿ ಬೆಂಗಳೂರಿನಲ್ಲಿ ಕೆಎಫ್‌ಸಿ ತೆರೆದಾಗ ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಅದನ್ನು ಆರೋಗ್ಯಕ್ಕೂ ದೇಶಿ ಕೃಷಿಗೂ ಅಪಾಯವೆಂದು ಎದುರಿಸಿತು. 1996ರ ಜನವರಿ 30ರಂದು ಮಳಿಗೆಯ ಮೇಲೆ ದಾಳಿಯೂ ನಡೆಯಿತು. ಚಳವಳಿ ನಗರದ ಒಂದು ಮಳಿಗೆಯನ್ನು ಗುರಿ ಮಾಡಿದ ವರ್ಷಗಳಲ್ಲೇ ಐದು ರೂಪಾಯಿಯ ಪೊಟ್ಟಣ ಹಳ್ಳಿಯ ಅಂಗಡಿಗೆ ಸದ್ದಿಲ್ಲದೆ ಹೊಕ್ಕಿತು.

ಮಕ್ಕಳ ಆರೋಗ್ಯವನ್ನೇ ಮುಂದಿಟ್ಟ ನಿಯಂತ್ರಣ ತಡವಾಗಿ ಬಂತು. 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಾಯಿತು. ಶಾಲೆಗಳ ಸುತ್ತ ಜಂಕ್ ಫುಡ್ ನಿಲ್ಲಿಸಬೇಕೆಂದು 2010ರಲ್ಲಿ ದೆಹಲಿ ಹೈಕೋರ್ಟಿಗೆ ಸಲ್ಲಿಕೆಯಾದ ಅರ್ಜಿಯ ಮೇಲೆ 2015ರಲ್ಲಿ ತೀರ್ಪು ಬಂತು. ಅದರ ಬೆನ್ನಿಗೆ ರೂಪುಗೊಂಡ 2020ರ ನಿಯಮಗಳು 2021ರ ಜುಲೈ 1ರಿಂದ ಜಾರಿಯಾದವು: ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ, ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ, ಅದರ ಜಾಹೀರಾತೂ ಕೂಡದು. ಆದರೆ 50 ಮೀಟರ್ ಎಂಬುದು ಮಗುವಿಗೆ ಒಂದು ನಿಮಿಷದ ನಡಿಗೆ. ಶಾಲೆ, ಬಸ್ ನಿಲ್ದಾಣ, ಅಂಗಡಿ ಸಾಲು ಒತ್ತೊತ್ತಾಗಿರುವ ಸಣ್ಣ ಪೇಟೆಗಳಲ್ಲಿ ಈ ನಿಯಮವೊಂದರಿಂದಲೇ ಹೆಚ್ಚು ಸಾಧಿಸಲಾಗದು.

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಎಂಬ ಬಣ್ಣ ಬಳಸುವುದನ್ನೂ ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ತಪ್ಪಿತಸ್ಥರಿಗೆ ಏಳು ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಗಾಡಿಗಳಲ್ಲಿ ಗೋಬಿಯ ಕೆಂಪು ಇಳಿಯಿತು. ಎಣ್ಣೆ, ಮೈದಾ, ಉಪ್ಪು ಹಾಗೆಯೇ ಉಳಿದವು.

ಅಭ್ಯಾಸ ತಿದ್ದುವ ದಾರಿಗಳು

ನೂರೈವತ್ತು ವರ್ಷದ ಈ ಸರಣಿಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಮಕ್ಕಳ ರುಚಿ ಬದಲಾದದ್ದು ನಿಗದಿತ ಹೊತ್ತಿಗೆ ಯಾವುದು ಕೈಗೆಟುಕಿತು ಎಂಬುದರಿಂದ. ಗಾಣದ ಎಣ್ಣೆಯ ಮಿತಿ, ಕೇರ್ ಉಪ್ಪಿಟ್ಟು, ಅಕ್ಷರ ದಾಸೋಹದ ಸಾಂಬಾರು, ಐದು ರೂಪಾಯಿಯ ಪೊಟ್ಟಣ ಎಲ್ಲವೂ ಇದೇ ರೀತಿ ಕೆಲಸ ಮಾಡಿವೆ. ಬೈದು ಬಿಡಿಸಿದ ಉದಾಹರಣೆ ಈ ಚರಿತ್ರೆಯಲ್ಲಿ ಸಿಗುವುದಿಲ್ಲ.

ಆದ್ದರಿಂದ ಮೊದಲ ಕ್ರಮ ಸಂಜೆ ನಾಲ್ಕೂವರೆಯ ಹಸಿವಿಗೆ ಸಂಬಂಧಿಸಿದ್ದು. ಶಾಲೆಯಿಂದ ಬಂದ ಕೂಡಲೇ ಕೈಗೆ ಸಿಗುವಂತೆ ಹುರಿಗಡಲೆ, ಬೇಯಿಸಿದ ಕಡಲೆಕಾಯಿ, ಕಾಳಿನ ಉಸಲಿ, ಒಗ್ಗರಣೆ ಮಂಡಕ್ಕಿ, ಬಾಳೆಹಣ್ಣು, ಹುರಿಹಿಟ್ಟಿನ ಉಂಡೆಗಳಲ್ಲಿ ಒಂದಿದ್ದರೆ ಅಂಗಡಿಯ ದಾರಿ ತಾನಾಗಿ ಕಡಿಮೆಯಾಗುತ್ತದೆ. ತಾಯಿ-ತಂದೆ ಹೊತ್ತು ಮೀರಿ ಬರುವ ಮನೆಯಲ್ಲಿ ಹಿಂದಿನ ದಿನವೇ ಡಬ್ಬಿ ತುಂಬಿಡಬಹುದಾದ ತಿಂಡಿಗಳು ಇವು. ಎರಡನೆಯದು ಅಂತರ. ಪೂರ್ತಿ ನಿಷೇಧಿಸಿದ ತಿನಿಸಿನ ಮೇಲೆ ಆಸೆ ಹೆಚ್ಚುತ್ತದೆ. ಸಂತೆಯ ದಿನದಂತೆ ವಾರಕ್ಕೊಂದು ದಿನ ಗೊತ್ತು ಮಾಡಿದರೆ ಮಕ್ಕಳು ಒಪ್ಪುತ್ತಾರೆ. ಪರೀಕ್ಷೆಯ ಅಂಕಕ್ಕೆ, ಹಟ ನಿಲ್ಲಿಸಿದ್ದಕ್ಕೆ ಪ್ಯಾಕೆಟ್ಟನ್ನು ಬಹುಮಾನವಾಗಿ ಕೊಡುವುದು ಅದರ ಬೆಲೆಯನ್ನು ಏರಿಸುತ್ತದೆ.

ಮೂರನೆಯದು ಮಕ್ಕಳನ್ನು ಅಡುಗೆಯ ಒಳಗೆ ತರುವುದು. ಶಾಲೆಗಳ ಕೈತೋಟದಲ್ಲಿ ತಾವೇ ನೀರು ಹಾಕಿದ ಸೊಪ್ಪು, ನುಗ್ಗೆ, ಬದನೆ ಸಾಂಬಾರಿಗೆ ಬಿದ್ದಾಗ ಮಕ್ಕಳು ಅದನ್ನು ತಟ್ಟೆಯ ಅಂಚಿಗೆ ತಳ್ಳುವುದು ಕಡಿಮೆ. ಮನೆಯಲ್ಲಿ ಅವರೆಕಾಯಿ ಸುಲಿಯುವುದು, ಉಂಡೆ ಕಟ್ಟುವುದು ಅದೇ ಕೆಲಸ ಮಾಡುತ್ತವೆ. ದೊಡ್ಡ ಮಕ್ಕಳಿಗೆ ಪೊಟ್ಟಣದ ಹಿಂದಿನ ಸಕ್ಕರೆ, ಸೋಡಿಯಂ ಲೆಕ್ಕ ಓದಲು ಕಲಿಸಬಹುದು. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸಕ್ಕರೆ ಪ್ರಮಾಣ ತೋರಿಸುವ ಫಲಕ ಹಾಕಲು 2025ರಲ್ಲಿ ಸೂಚಿಸಿದ್ದು ಇದೇ ಉದ್ದೇಶದಿಂದ. ನಾಲ್ಕನೆಯದು ಆಟ: ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬಡ್ಡಿ, ಖೋಖೋಗೆ ಮೈದಾನ ಉಳಿಸಿಕೊಂಡ ಶಾಲೆಗೆ ಇದು ಹೊಸ ಖರ್ಚಲ್ಲ.

ಕೊನೆಯದು ದೊಡ್ಡವರ ತಟ್ಟೆ. ಮಗುವಿಗೆ ರಾಗಿ, ತಮಗೆ ಗೋಬಿ ಎಂಬ ಮನೆಯಲ್ಲಿ ಯಾವ ನಿಯಮವೂ ನಿಲ್ಲುವುದಿಲ್ಲ. ಮುದ್ದೆಯನ್ನು ಬಡವರ ಊಟವೆಂದ ಹಳೆಯ ಎಣಿಕೆ ದೊಡ್ಡವರಲ್ಲಿ ಹೋದ ಮೇಲೆಯೇ ಮಕ್ಕಳಲ್ಲೂ ಹೋಗುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಬಳಿಕ ನಗರದ ಹೋಟೆಲುಗಳಲ್ಲಿ ರಾಗಿಗೆ ಮರ್ಯಾದೆ ಬಂದಿದೆ. ಅದು ರಾಗಿ ಬೆಳೆಯುವ ಸೀಮೆಯ ಮನೆಗಳಿಗೂ ಮರಳಬೇಕಿದೆ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಧ್ಯಾಹ್ನದ ಊಟ, ಹಾಲು, ಮೊಟ್ಟೆ, ರಾಗಿ ಮಾಲ್ಟ್ ಈಗ ಖಚಿತವಾಗಿವೆ. ಅನುದಾನರಹಿತ ಖಾಸಗಿ ಶಾಲೆಗಳು ಈ ವ್ಯವಸ್ಥೆಯ ಹೊರಗಿವೆ; ಅಲ್ಲಿನ ಮಕ್ಕಳ ಬುತ್ತಿ ಮನೆಯ ಹೊಣೆ. ಸಂಜೆ, ಭಾನುವಾರ ಮತ್ತು ರಜಾ ದಿನಗಳು ಎಲ್ಲ ಮಕ್ಕಳ ಪಾಲಿಗೂ ಅಂಗಡಿಯ ಕೈಯಲ್ಲೇ ಇವೆ. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಶಾಲೆಗಳು ಮಧ್ಯಾಹ್ನದ ಹೊತ್ತನ್ನು ಸರಿಪಡಿಸಿದ ಕ್ರಮವನ್ನೇ ಮನೆಗಳು ಈ ಉಳಿದ ಹೊತ್ತುಗಳಿಗೂ ಅನ್ವಯಿಸಬೇಕಾಗಿದೆ.